ಬ್ಲೇಸ್‌ನ ಫೋನಿನಲ್ಲಿ ತೆರೆಯದ ಪುಟ

ಮಾನ್ಯ ನಿರ್ದೇಶಕರೇ,

ನಮ್ಮ ಬೋಗನ್‌ವಿಲ್ ದ್ವೀಪದ ಯುದ್ಧಕಾಲದ ಡಿಜಿಟಲ್ ಭಂಡಾರದಿಂದ ನೀವು ಒಂದು ಧ್ವನಿಮುದ್ರಣ ಅಳಿಸಿದಿರಿ; ಆ ಕಾರಣಕ್ಕೆ ನನ್ನ ತಮ್ಮ ಬ್ಲೇಸ್ ಸಂತೆಯಲ್ಲಿ ಕತ್ತಿಗೆ ಬಲಿಯಾದ. ‘ಸಾರ್ವಜನಿಕ ಶಾಂತಿಯ ಹಿತದೃಷ್ಟಿಯಿಂದ’ ಎಂದು ತಾವು ಕಾರಣ ಕೊಟ್ಟಿದ್ದೀರಿ. ಆ ಶಾಂತಿಯನ್ನು ನಾನು ಕಣ್ಣಾರೆ ಕಂಡೆ. ಅದಕ್ಕೆ ಮೊಣಕೈಯಿಂದ ಕೆಳಗೆ ಕೈ ಇರಲಿಲ್ಲ.

ಬ್ಲೇಸ್ ತಮ್ಮದೇ ಕೆಲಸಗಾರ. ಮಿಷನ್ನಿನ ಹಳೆಯ ಫೋಟೊಗಳನ್ನು, ಮುದುಕರ ನೆನಪುಗಳನ್ನು ಕಣಿವೆ ಕಣಿವೆ ಅಲೆದು ಕೂಡಿಸಿ ಜಾಲತಾಣಕ್ಕೆ ಏರಿಸುತ್ತಿದ್ದ. ಹಾಗೊಮ್ಮೆ, ಯುದ್ಧದಲ್ಲಿ ಸೈನ್ಯದ ವಿರುದ್ಧ ಕಾದಾಡಿದ್ದ ಹಳೆಯ ಹೋರಾಟಗಾರ ಅಲೋಶಿಯಸ್ ಮಿರಿಯೊ ಅವನೆದುರು ಕೂತು, ಶಾಲಾ ಮೇಷ್ಟ್ರು ಕಕೊರೊ ಅವರನ್ನು ಕೊಂದದ್ದನ್ನು ಹೇಳಿದ. “ಮೇಷ್ಟ್ರು ಸೈನ್ಯಕ್ಕೆ ಸುದ್ದಿ ಕೊಡ್ತಾರೆ, ಮುಗಿಸು ಅಂದ್ರು ನಮ್ಮ ಮೇಲಿನೋರು. ಹೊಳೆ ಹತ್ರ ಕರ್ಕೊಂಡ್ ಹೋದೆ. ಗುಂಡು ಉಳಿಸಬೇಕಿತ್ತು, ಕತ್ತೀಲೇ ಹೊಡೆದೆ. ಮೊದಲನೇ ಏಟಿಗೆ ಬೀಳಲಿಲ್ಲ. ನನ್ನ ಹೆಸರು ಹಿಡಿದು ಕರೆದ್ರು. ನಂಗೆ ಅಕ್ಷರ ಕಲಿಸಿದ್ದೇ ಅವರು.”

“ಹೆಸರು ಮುಚ್ಚಿಡ್ಲಾ, ಮಾವ?” ಎಂದು ಬ್ಲೇಸ್ ಕೇಳಿದ.

“ಬೇಡಪ್ಪ, ಹಾಕು. ಅವರ ಹೆಂಡ್ತಿ ಕೇಳ್ಲಿ.”

ಆಕೆ ಕೇಳಿದರು. ಒಬ್ಬರೇ ನಡೆದು ಅಲೋಶಿಯಸ್‌ನ ಮನೆಗೆ ಹೋದರು. ಅವನು ಹೊಳೆದಂಡೆಗೆ ಕರೆದೊಯ್ದು ತನ್ನ ಕೈಯಾರೆ ಅಗೆದು ಮೂಳೆ ತೆಗೆದುಕೊಟ್ಟ. ಎರಡೂ ಕುಲದವರು ಹಗೆ ಮುಗಿಸಲು ಹಂದಿ ಕಡಿದು ಒಟ್ಟಿಗೆ ಉಣ್ಣುವ ದಿನ ಗೊತ್ತುಮಾಡಿದರು. ನಾವು ಶಾಂತಿ ಎನ್ನುವುದು ಇದಕ್ಕಲ್ಲವೇ? ತಮಗೆ ಮಾತ್ರ ಅದು ‘ಪ್ರಚೋದನಕಾರಿ’ಯಾಗಿ ಕಂಡಿತು. ‘ಮುಗಿಸು’ ಅಂದವರು ಯಾರು ಎಂದು ಜನ ಕೇಳಿಬಿಟ್ಟಾರೆಂಬ ಭಯ ಯಾವ ದೊಡ್ಡವರಿಗೆ ಹುಟ್ಟಿತು, ಸ್ವಾಮಿ?

ಅಳಿಸಿದ್ದನ್ನು ಬ್ಲೇಸ್‌ಗೆ ತಿಳಿಸುವ ಸೌಜನ್ಯವೂ ತಮಗಿರಲಿಲ್ಲ. ಅಷ್ಟರಲ್ಲಿ ಕರಾವಳಿಯಲ್ಲಿ ಗಾಳಿಮಾತು ಹಬ್ಬಿತ್ತು: ಮೇಷ್ಟ್ರನ್ನು ಕೊಂದವನು ಬ್ಲೇಸ್‌ನ ಅಪ್ಪನಂತೆ, ಅದಕ್ಕೇ ಮಗ ಅಳಿಸಿದನಂತೆ. ಅಲ್ಲಿ ದುಡಿಯುತ್ತಿದ್ದ ಮೇಷ್ಟ್ರ ಸೋದರಳಿಯ ತವಿರಾಯಿ ಮುದ್ರಣ ಕೇಳಿದವನಲ್ಲ. ಗೆಳೆಯನೊಬ್ಬನನ್ನು ಕಟ್ಟಿಕೊಂಡು, ಕತ್ತಿ ಹಿಡಿದು ಸಂತೆಗೆ ಬಂದ. ನಾನು ಗೆಣಸು ಮಾರುತ್ತಿದ್ದೆ, ಬ್ಲೇಸ್ ಪಕ್ಕದಲ್ಲಿದ್ದ.

“ನಿಮ್ಮಪ್ಪ ಅಲ್ವೇನೋ ಕಡಿದಿದ್ದು?”

“ಅಲ್ಲಣ್ಣ. ಕೂತ್ಕೊ, ಕಡಿದೋನ ಬಾಯಿಂದ್ಲೇ ಕೇಳಿಸ್ತೀನಿ,” ಎಂದು ಬ್ಲೇಸ್ ಫೋನ್ ತೆಗೆದ.

ತವಿರಾಯಿ ಕಾದ. ಕತ್ತಿ ಕೆಳಗಿಳಿಸಿ ಕಾದ. ಪರದೆಯ ಮೇಲೆ ‘ಈ ಪುಟ ಲಭ್ಯವಿಲ್ಲ’ ಎಂದು ಬಂತು. “ನೋಡ್ದಾ, ಅಳಿಸೇಬಿಟ್ಟಿದ್ದಾನೆ,” ಎಂದ ಗೆಳೆಯ. ಮೊದಲ ಏಟು ಫೋನ್ ಹಿಡಿದ ಕೈಗೆ, ಎರಡನೆಯದು ಕುತ್ತಿಗೆಗೆ. ನನ್ನ ಗೆಣಸಿನ ರಾಶಿಯೆಲ್ಲ ರಕ್ತದಲ್ಲಿ ತೊಯ್ದುಹೋಯಿತು.

ಅಲೋಶಿಯಸ್ ಬಂದು ಬ್ಲೇಸ್‌ನ ಶವದ ಮುಂದೆ ಮಂಡಿಯೂರಿ ಎಲ್ಲವನ್ನೂ ಮತ್ತೆ ಹೇಳಿದ. ನಾನು ಲಾಕಪ್ಪಿಗೆ ಹೋಗಿ ತವಿರಾಯಿಗೆ ಅದನ್ನು ತಿಳಿಸಿದೆ. ಅವನು ಹಣೆ ಒಡೆಯುವಂತೆ ಗೋಡೆಗೆ ಚಚ್ಚಿಕೊಂಡ. “ಒಂದ್ ಸಲ ಕೇಳಿದ್ರೆ ಸಾಕಿತ್ತು, ಅಕ್ಕ,” ಎಂದ. ಅವನ ಮಾತನ್ನು ನನ್ನ ಫೋನಿನಲ್ಲಿ ಹಿಡಿದಿಟ್ಟೆ. ನನ್ನ ಸೋದರಮಾವಂದಿರಿಗೆ ಕೇಳಿಸಿದರೆ, “ಸಿಕ್ಕಿಬಿದ್ದೋನು ಏನ್ ಬೇಕಾದ್ರೂ ಹೇಳ್ತಾನೆ. ಆ ಮುದುಕ ಈಗ ಹೇಳೋದನ್ನೂ ನಂಬಲ್ಲ. ಮೊದ್ಲೇ ಹೇಳಿದ್ದ ಪುಟ ಎಲ್ಲಿದೆ, ತೋರ್ಸು,” ಎಂದರು. ಹೇಳಿ, ತವಿರಾಯಿಯ ಕುಲದ ಮೇಲೆ ಸೇಡಿಗೆ ಕತ್ತಿ ಮಸೆಯುತ್ತ ಕೂತರು.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಮೂಲ ಪ್ರತಿ ತಮ್ಮ ಕಚೇರಿಯಲ್ಲಿದೆ. ಅಲೋಶಿಯಸ್‌ನ ಧ್ವನಿಯನ್ನು ಒಂದಕ್ಷರ ಕತ್ತರಿಸದೆ ಜಾಲತಾಣಕ್ಕೆ ಮರಳಿಸಿ. ಇದರೊಂದಿಗೆ ಕಳಿಸಿರುವ ತವಿರಾಯಿಯ ಮಾತನ್ನೂ ಪಕ್ಕದಲ್ಲೇ ಇಡಿ. ಸಮಿತಿ, ಪರಿಶೀಲನೆ ಎಂದೆಲ್ಲ ಹೇಳಬೇಡಿ, ಇವತ್ತೇ ಆಗಲಿ. ಅಲ್ಲಿಯವರೆಗೆ ಮಾವಂದಿರ ಬಾಗಿಲಿಗೆ ಅಡ್ಡವಾಗಿ ಕೂತಿರುತ್ತೇನೆ. ನನ್ನನ್ನು ದಾಟಿ ಹೋಗುವುದು ಅವರಿಗೇನೂ ಕಷ್ಟದ ಕೆಲಸವಲ್ಲ.

ಇಂತಿ,
ತಮ್ಮ ಶಾಂತಿಯಿಂದ ಇನ್ನೂ ಬದುಕುಳಿದಿರುವ,
ಪರ್ಪೆಟುವಾ ನೊರುಕ