ಕುರಿಯವರ ಕೆಮ್ಮು

ಅವ್ವಾ,

ನೀನು ಇದ್ದಾಗಲೇ ನಿನಗೆ ಓದು ಬರ್ತಿರಲಿಲ್ಲ. ಈಗ ಯಾರಿಗೆ ಬರೀತಿದ್ದೀನೋ ನನಗೇ ಗೊತ್ತಿಲ್ಲ. ಆದರೂ ಇವತ್ತಿನ ಸುದ್ದಿ ನಿನಗೆ ಹೇಳದೆ ಇರಕ್ಕಾಗಲ್ಲ.

ಉಗಾದಿ ಕಳೆದಾಗಿಂದ ನಿನ್ನ ಸೊಸೆ ಉಚ್ಚಂಗಿಗೆ ಕೆಮ್ಮು. ನಿನ್ನೆ ಕಫದಾಗೆ ರಕ್ತ ಬಿತ್ತು. ಕುರಿಗಳನ್ನ ಅಣ್ಣನಿಗೆ ಒಪ್ಪಿಸಿ, ಬೆಳಿಗ್ಗೆ ಬಸ್ಸಿನಾಗೆ ಅವಳನ್ನ ಹಿರಿಯೂರಿಗೆ ಕರ್ಕಂಡು ಹೋದೆ. ನಮ್ಮ ಕಡೆಯ ದವಾಖಾನೆಗೆ ಹೋಗಕ್ಕೆ ಮನಸ್ಸಾಗಲಿಲ್ಲ. ಅಲ್ಲಿನ ಕಾಂಪೌಂಡರು ನಿನ್ನನ್ನ ಜಗಲಿ ಮೇಲೇ ನಿಲ್ಲಿಸಿ, "ಬಯಲಾಗೆ ಮಲಗೋ ಕುರಿಯವರಿಗೆ ಕೆಮ್ಮು ಬರದೆ ಇನ್ನೇನು ಬರುತ್ತೆ?" ಅಂತ ಕೆಂಪು ನೀರಿನ ಸೀಸೆ ಕೊಟ್ಟು ಕಳಿಸ್ತಿದ್ದ. ನಾವೂ ಹೌದು ಅಂತ ನಂಬ್ಕಂಡು ಬರ್ತಿದ್ವಿ.

ಹಿರಿಯೂರು ಆಸ್ಪತ್ರೆಯಾಗೆ ಡಾಕ್ಟರಮ್ಮ ಉಚ್ಚಂಗಿಯನ್ನ ಒಳಗೆ ಕೂರಿಸಿದರು. ಎದೆಗೆ, ಬೆನ್ನಿಗೆ ಕೊಳವೆ ಇಟ್ಟು ತುಂಬ ಹೊತ್ತು ಕೇಳಿದರು. ಕಫ ಪರೀಕ್ಷೆ ಮಾಡಿಸಿದರು. ಕ್ಷಯ ಅಂತೆ.

ಉಚ್ಚಂಗಿ ಅಳಕ್ಕೆ ಶುರು ಮಾಡಿದಳು. ಡಾಕ್ಟರಮ್ಮ ಅವಳ ಭುಜ ಹಿಡಿದು, "ಅಳಬೇಡಮ್ಮ. ಬಿಡದೆ ಮಾತ್ರೆ ತಗಂಡ್ರೆ ಪೂರಾ ವಾಸಿಯಾಗುತ್ತೆ. ಎಷ್ಟೋ ವರ್ಷದಿಂದ ಇದಕ್ಕೆ ಔಷಧಿ ಐತೆ," ಅಂದರು.

ಎಷ್ಟೋ ವರ್ಷದಿಂದ ಅಂತೆ, ಅವ್ವಾ.

ಆಮೇಲೆ, "ಮನೇಲಿ ಇನ್ಯಾರಿಗಾದ್ರೂ ಇಂಥ ಕೆಮ್ಮು?" ಅಂತ ಕೇಳಿದರು.

"ನಮ್ಮತ್ತೆಗೆ," ಅಂದಳು ಉಚ್ಚಂಗಿ. ಅದೇ ಕೆಮ್ಮಿನಾಗೆ ನೀನು ಹೋದದ್ದನ್ನ ಹೇಳದೆ ಸೆರಗಿನಿಂದ ಕಣ್ಣು ಒರೆಸ್ಕಂಡಳು.

ಡಾಕ್ಟರಮ್ಮ ನನ್ನ ಕಡೆ ತಿರುಗಿ, "ತಡ ಮಾಡಬೇಡಿ, ಅವರನ್ನೂ ಕರ್ಕಂಡು ಬರ್ರಿ. ಗುಣ ಮಾಡಾಣ," ಅಂದರು.

ಅವರ ಮುಖ ನೋಡಿ ನಿಜ ಹೇಳಕ್ಕೆ ಆಗಲಿಲ್ಲ.

"ಆಗ್ಲಿ ತಾಯಿ," ಅಂದೆ.

ನಿನ್ನ ಮಗ,
ಓಬಣ್ಣ