ಹಾಲುತುಪ್ಪದ ದಿನ ಕೇಳಿದ ಪ್ರಶ್ನೆ

ಅಪ್ಪಾ,

ಓದಲು ನೀನಿಲ್ಲ ಎಂಬ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ನೀನು ಹೋಗಿ ಮೂರನೇ ದಿನ, ಇವತ್ತು ನಿನ್ನ ಹಾಲುತುಪ್ಪ. ಅಣ್ಣ ರಂಗರಾಜು ನಿನ್ನನ್ನು ಮಣ್ಣು ಮಾಡಿದ ಗುಡ್ಡೆಯ ಮೇಲೆ ಎಲೆ ಹಾಕಿ ಮುದ್ದೆ, ಕೋಳಿಸಾರು, ಬೀಡಿ ಎಲ್ಲ ಇಟ್ಟ. ಕಾಗೆಗಳು ಪಂಚಾಯಿತಿ ಮೆಂಬರುಗಳಂತೆ ಬೇಲಿಯ ಮೇಲೆ ಕೂತು ಚರ್ಚೆ ಮಾಡಿದವೇ ಹೊರತು ಕೆಳಗಿಳಿಯಲಿಲ್ಲ.

"ಬೈಲಪ್ಪುಂಗೆ ಏನೋ ಆಸೆ ಉಳ್ಕಂಡೈತೆ. ಯಾರಿಗಾನ ಗೊತ್ತಿದ್ರೆ ಹೇಳ್ರಪ್ಪ. ನೆರವೇರಿಸ್ತೀವಿ ಅಂತ ಮಾತು ಕೊಟ್ರೆ ಕಾಗೆ ಮುಟ್ತೈತೆ," ಅಂದರು ದೊಡ್ಡರಂಗಪ್ಪ ಮಾವ.

ನನಗೆ ಗೊತ್ತಿತ್ತು. ಹೋದ ವರ್ಷ ಕೊಡಿಗೇನಹಳ್ಳಿಯ ನನ್ನ ಮನೆಯ ಪ್ರಾರ್ಥನೆಗೆ ಗುಟ್ಟಾಗಿ ಬಂದು, ಯೇಸುವನ್ನು ನಂಬಿದ್ದೀನಿ ಅಂದವನು ನೀನು. "ಬದುಕಿರೋಗಂಟ ಯಾರ್ಗೂ ಹೇಳ್ಬ್ಯಾಡ ಕಣ್ಲಾ. ಸತ್ಮೇಲೆ ನೀನೇ ಎಲ್ಲರ ಮುಂದೆ ಹೇಳ್ಬುಟ್ಟು ಒಂದು ಪ್ರಾರ್ಥನೆ ಮಾಡು," ಅಂದಿದ್ದೆ.

ಅಣ್ಣ ನನ್ನತ್ತ ತಿರುಗಿದ. "ನಿಂಗೇನಾರ ಹೇಳಿದ್ನೇನ್ಲಾ?" ನಾನು ಕ್ರೈಸ್ತನಾದ ಮೇಲೆ, ಆರು ವರ್ಷದಲ್ಲಿ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು.

ಪ್ರತಿ ಭಾನುವಾರ ಬಡವನಹಳ್ಳಿಯ ಚರ್ಚಿನಲ್ಲಿ 'ಹೆದರಬೇಡಿ, ನಿಮ್ಮವರ ಮುಂದೆ ಯೇಸುವಿಗೆ ಸಾಕ್ಷಿ ಹೇಳಿ' ಎಂದು ಗಂಟಲು ಹರಿದುಕೊಳ್ಳುವ ನಾನು ಏನಂದೆ ಗೊತ್ತಾ?

"ಬೀಡಿ ಇಟ್ಟಿದ್ದೀಯ, ಬೆಂಕಿಪೊಟ್ಟಣ ಎಲ್ಲಣ್ಣ? ಅಪ್ಪ ಏನು ಸೂರ್ಯನತ್ರ ಹಚ್ಕಂತಾನಾ?"

ಎಲ್ಲರೂ ನಕ್ಕರು. ಅಣ್ಣನೂ ಕಣ್ಣೊರೆಸಿಕೊಂಡು ನಕ್ಕ. ಬೆಂಕಿಪೊಟ್ಟಣ ಇಟ್ಟು ದೂರ ಸರಿದೆವು. ಒಂದು ಕಾಗೆ ಇಳಿದು ಕೋಳಿತುಂಡು ಎತ್ತಿಕೊಂಡಿತು.

"ಅಪ್ಪುನ್ನ ಸರ್ಯಾಗಿ ತಿಳ್ಕಂಡಿದ್ದೋನು ನೀನೊಬ್ನೇ ಕಣ್ಲಾ," ಎಂದು ಅಣ್ಣ ನನ್ನ ಭುಜ ಹಿಡಿದುಕೊಂಡ.

ನಾನು ಹೂಂ ಅಂದೆ.