ಅಕ್ಕಿ ಡಬ್ಬದ ಸದ್ದು

ಅಕ್ಕಯ್ಯಾ,

ನೀನು ಹೋಗಿ ಎರಡು ವರ್ಷವಾಯಿತು. ಇಷ್ಟು ದಿನ ಬರೆಯದೆ ಇದ್ದದ್ದು ಮರೆತೆನೆಂದಲ್ಲ. ಹೇಳಬೇಕಾದ ಮಾತು ಹೇಳುವ ಧೈರ್ಯ ಬರಲಿಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಅಡಿಗೆಮನೆಯಿಂದ ಅಕ್ಕಿ ಡಬ್ಬದ ಮುಚ್ಚಳ ತೆಗೆದ ಸದ್ದು ಬಂತು, ಹಿಂದೆಯೇ ಹಸಿ ಅಕ್ಕಿ ಕಟಕಟ ಅಗಿಯುವ ಸದ್ದು. ಒಂದು ಗಳಿಗೆ ನೀನೇ ಬಂದೆ ಅಂದುಕೊಂಡೆ. ಹೋಗಿ ನೋಡಿದರೆ ನಿನ್ನ ಮಗಳು ಪವಿತ್ರ.

ಚಿಕ್ಕಂದಿನಲ್ಲಿ ನೀನು ಮೊರದ ಮುಂದೆ ಕೂತರೆ ಅಕ್ಕಿ ಅರ್ಧ ನಿನ್ನ ಬಾಯಿಗೇ ಹೋಗುತ್ತಿತ್ತು, ನೆನಪಿದೆಯಾ? "ಅಸಿ ಅಕ್ಕಿ ತಿನ್ಬ್ಯಾಡ ಕಣವ್ವ, ಮದ್ವೇಲಿ ಮಳೆ ಬತ್ತದೆ" ಅಂತ ಅವ್ವ ಬೈಯುತ್ತಿದ್ದಳು. ನಿನ್ನ ಮದುವೆಯಲ್ಲಿ ಒಂದು ಹನಿಯೂ ಬೀಳಲಿಲ್ಲ. ಪವಿತ್ರ ಹುಟ್ಟಿದ ಮೇಲೆ ನಿನಗೆ ಮೈ ಬಂತು, ಬಂದದ್ದು ಹೋಗಲಿಲ್ಲ, ಆ ಚಾಳಿಯೂ ಹೋಗಲಿಲ್ಲ. "ಅಕ್ಕಿ ಮುಕ್ಕಿ ಮುಕ್ಕಿ ಊದ್ಕಂಡವಳೆ" ಅಂತ ಕೇರಿಯವರೆಲ್ಲ ಆಡಿಕೊಂಡರು. ನಾನೂ ನಕ್ಕಿದ್ದೇನೆ.

ಊರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವಳು ನೀನು. ಮೊಟ್ಟೆ ಬೇಯಿಸಿ, ಸುಲಿದು, ಮಕ್ಕಳ ತಟ್ಟೆಗಿಟ್ಟು ಬರುತ್ತಿದ್ದೆಯೇ ಹೊರತು ಒಂದು ದಿನವೂ ನಿನ್ನ ಬಾಯಿಗೆ ಹಾಕಿಕೊಳ್ಳಲಿಲ್ಲ. ಯಾವ ಮಗುವೋ ಬಂದಿಲ್ಲ, ಒಂದು ಮಿಕ್ಕಿದೆಯಲ್ಲ, ತಿನ್ನು ಅಂದರೆ, "ಮಕ್ಕಳ ಪಾಲು ಕಣೆ. ತಿಂದ್ರೆ ಪಾಪ ನನ್ ಮಗೀಗೆ ತಟ್ತದೆ" ಅನ್ನುತ್ತಿದ್ದೆ. ಸಾರಿನ ಬೇಳೆ, ಸೊಪ್ಪು, ತರಕಾರಿ ಎಲ್ಲ ಮಕ್ಕಳಿಗೆ ಬಡಿಸಿ, ಉಳಿದ ಅನ್ನಕ್ಕೆ ತಿಳಿ ಹುಯ್ದುಕೊಂಡು ಉಣ್ಣುತ್ತಿದ್ದೆ. ಬೆಳಿಗ್ಗೆ ಟೀ ಬನ್ನು, ಸಾಯಂಕಾಲ ಮತ್ತೆ ಟೀ, ರಾತ್ರಿ ಮತ್ತೆ ಅನ್ನ. ಅವ್ವ ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಕಿತ್ತು ತಂದು ಮುದ್ದೆ ಜೊತೆ ಇಕ್ಕುತ್ತಿದ್ದಳಲ್ಲ, ಅದೆಲ್ಲ ಅವಳ ಜೊತೆಗೇ ಹೋಯಿತು. ನಿನ್ನ ಹೊಟ್ಟೆ ಯಾವತ್ತೂ ಖಾಲಿ ಇರಲಿಲ್ಲ ಅಕ್ಕಯ್ಯ. ಅದನ್ನೇ ನೋಡಿ ನಾವೆಲ್ಲ ಮೋಸಹೋದೆವು.

ಈಗ ಆ ದಿನದ ಮಾತಿಗೆ ಬರುತ್ತೇನೆ. ನಾನು ಆಶಾ ಕಾರ್ಯಕರ್ತೆಯ ಗುಲಾಬಿ ಸೀರೆ ಉಟ್ಟು ನಿನ್ನ ಜಗಲಿಯ ಮೇಲೆಯೇ ಕೂತು ಹೆಂಗಸರಿಗೆ ಕಬ್ಬಿಣಾಂಶದ ಮಾತ್ರೆ ಹಂಚುತ್ತಿದ್ದೆ. ನೀನು ಕೈ ಚಾಚಿದೆ. "ನಂಗೂ ಒಂದ್ ಶೀಟ್ ಕೊಡೆ. ನಾಕ್ ಮೆಟ್ಲು ಅತ್ತಿದ್ರೆ ಎದೆ ಡವಡವ ಅಂತದೆ."

ನಾನು ಏನಂದೆ ಅನ್ನುವುದು ನಿನಗೆ ಮರೆತಿರಲಿಕ್ಕಿಲ್ಲ. "ಅಯ್ಯ, ಸುಮ್ಕಿರಕ್ಕ. ಇದು ಕಡ್ಡಿ ಅಂಗಿರೋರ್ಗೆ. ನಿಂಗ್ಯಾಕೆ? ಅನ್ನ ಕಮ್ಮಿ ಮಾಡು, ಎದೆ ತಾನೇ ನೆಟ್ಟಗಾಯ್ತದೆ." ಎಲ್ಲರೂ ನಕ್ಕರು. ನೀನೂ ನಕ್ಕೆ, ನಗುತ್ತಲೇ ಕೈ ಸೆರಗಿನೊಳಗೆ ಎಳೆದುಕೊಂಡೆ. ನಾನು ನಿನ್ನ ಪಾಲಿನ ಮಾತ್ರೆಯನ್ನು ಪಕ್ಕದ ಮನೆಯ ಬಡಕಲು ಸೊಸೆಗೆ ಕೊಟ್ಟೆ. ನೀನು ಅವತ್ತಿನಿಂದ ರಾತ್ರಿ ಊಟ ಬಿಟ್ಟೆ. ಭೇಷ್ ಅಕ್ಕ ಅಂತ ನಿನ್ನ ಬೆನ್ನು ತಟ್ಟಿದ್ದೂ ನಾನೇ!

ಶಾಲೆಯ ಒಲೆ ಮುಂದೆ ನೀನು ಕುಸಿದು ಬಿದ್ದಾಗ ಹೊಳೆನರಸೀಪುರಕ್ಕೆ, ಅಲ್ಲಿಂದ ಹಾಸನಕ್ಕೆ ಕರೆದುಕೊಂಡು ಓಡಿದೆವು. ಡಾಕ್ಟರಮ್ಮ ನಿನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಸುಣ್ಣದ ಹಾಗೆ ಬೆಳ್ಳಗಿತ್ತು. "ಮೈಯಲ್ಲಿ ರಕ್ತಾನೇ ಇಲ್ವಲ್ಲಮ್ಮ. ಹಸಿ ಅಕ್ಕಿ ತಿಂತಿದ್ರಾ?" ನಾನು ಹೂಂ ಅಂದೆ. "ಅದು ಚಪಲ ಅಲ್ಲ, ರಕ್ತ ಕಮ್ಮಿಯಾದ ಗುರುತು. ಬರೀ ಅನ್ನದಿಂದ ಮೈ ಬರುತ್ತೆ, ರಕ್ತ ಬರಲ್ಲ. ಬೊಜ್ಜು ಹೆಚ್ಚಾದ್ರೆ ತಿಂದ ಕಬ್ಬಿಣಾಂಶಾನೂ ಮೈಗೆ ಸರಿಯಾಗಿ ಹತ್ತಲ್ಲ. ನೀವು ಆಶಾ ಅಲ್ವಾ? ನೋಡ್ಲಿಲ್ವಾ?" ಅದೇ ಗುಲಾಬಿ ಸೀರೆಯಲ್ಲಿ ನಿಂತಿದ್ದೆ. ರಕ್ತದ ಬಾಟಲಿ ಏರಿಸುವಷ್ಟರಲ್ಲಿ ನಿನ್ನ ಎದೆ... ಊರಲ್ಲಿ ಈಗಲೂ ದಪ್ಪಕ್ಕೇ ಸತ್ತಳು ಅನ್ನುತ್ತಾರೆ. ಅಲ್ಲ ಅಂತ ನಾನು ಯಾರಿಗೆ ಹೇಳಲಿ?

ಪವಿತ್ರ ನನ್ನ ಮನೆಯಲ್ಲೇ ಇದ್ದಾಳೆ, ಹತ್ತನೇ ಕ್ಲಾಸು. ನಿನ್ನದೇ ಮೈಕಟ್ಟು. ಕ್ಲಾಸಿನ ಹುಡುಗಿಯರು ಡುಮ್ಮಿ ಅನ್ನುತ್ತಾರೆಂದು ನನಗೆ ಗೊತ್ತಾಗದ ಹಾಗೆ ಮಧ್ಯಾಹ್ನದ ಡಬ್ಬಿ ನಾಯಿಗೆ ಸುರಿಯುತ್ತಿದ್ದಳಂತೆ. ಆ ಬೆಳಿಗ್ಗೆ ಅವಳ ಕೈಯಿಂದ ಅಕ್ಕಿ ಕಿತ್ತುಕೊಳ್ಳಲಿಲ್ಲ, ಬೈಯಲೂ ಇಲ್ಲ. ಬಾಗಿಲ ಬೆಳಕಿಗೆ ಕರೆದು ಕಣ್ಣಿನ ರೆಪ್ಪೆ ಎಳೆದು ನೋಡಿದೆ. ಬೆಳ್ಳಗಿತ್ತು ಅಕ್ಕಯ್ಯ. ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು.

ನಿಂಬೆ ಶರಬತ್ತಿನ ಜೊತೆ ಮಾತ್ರೆ ಮುಂದಿಟ್ಟರೆ ಮಗು ಕೇಳಿತು, "ನಾನು ದಪ್ಪ ಇದೀನಲ್ಲ ಚಿಕ್ಕವ್ವ, ನಂಗ್ಯಾಕೆ?"

ನನ್ನ ಮಾತೇ ನನಗೆ ತಿರುಗಿ ಬಂತು. ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. "ನಿಮ್ಮವ್ವ ಕೇಳಿದ್ಲು ಕಣವ್ವ. ದಪ್ಪ ಅವ್ಳೆ ಅಂತ ನಾನೇ ಕೊಡ್ಲಿಲ್ಲ."

ಅವಳು ಅಳಲಿಲ್ಲ. ನನ್ನ ಮುಖವನ್ನೇ ನೋಡಿದಳು, ಮಾತ್ರೆ ನುಂಗಿದಳು, ಎದ್ದು ಹೋದಳು. ಅವತ್ತಿನಿಂದ ನನ್ನ ಜೊತೆ ಒಂದು ಮಾತಿಲ್ಲ. ಆದರೆ ದಿನಾ ಬೆಳಿಗ್ಗೆ ಬಂದು ನನ್ನೆದುರು ನಿಂತು ಕೈ ಚಾಚುತ್ತಾಳೆ. ನಿನ್ನ ಕೈಯೇ ಅದು, ಉಬ್ಬಿದ, ಬಿಳಿಚಿಕೊಂಡ ಅಂಗೈ. ಅದು ಕೆಂಪಾಗುವವರೆಗೂ ಅವಳು ನನ್ನ ಜೊತೆ ಮಾತಾಡದಿದ್ದರೂ ಸರಿ, ನಾನು ಮಾತ್ರೆ ಇಡುತ್ತೇನೆ.

ನಿನ್ನ ತಂಗಿ,
ಸಾವಿತ್ರಿ